ಟ್ರಸ್ಟಿನವರು ಸಾಲಿ ನೋಡಲು ಬಂದರು

ಸರ್ಕಾರಿ ಸಾಲಿಗೆ ಸಹಾಯ ಮಾಡಬೇಕೆಂಬ ಒಳ್ಳೆಯ ಮನಸ್ಸು ಯಾರಿಗಾದರೂ ಹುಟ್ಟಿತೆಂದರೆ ನನ್ನ ಸೊಂಟ ನೋಯಲು ಶುರುವಾಗುತ್ತಿತ್ತು. ಎಪ್ಪತ್ತು-ಎಂಬತ್ತರ ದಶಕಗಳಲ್ಲಿ ನಾನು ರಾಯಚೂರಿನಲ್ಲಿ ಸ್ಕೂಲ್ ಇನ್ಸ್‌ಪೆಕ್ಟರ್. ಧರ್ಮಾರ್ಥ ಟ್ರಸ್ಟಿನವರು ಬಂದಾಗಲೆಲ್ಲ ಜೀಪಿನ ಹಿಂದಿನ ಸೀಟಿನಲ್ಲಿ ಕುಳಿತು ಅವರಿಗೆ ಸಾಲಿ ತೋರಿಸುವುದು ನನ್ನ ಪಾಲಿಗೆ ಬರುತ್ತಿತ್ತು. ಪ್ರತಿ ಸಲವೂ ಏನಾದರೊಂದು ಆಗುತ್ತಿತ್ತು.

ಫ್ಯಾನು

ಬೆಂಗಳೂರಿನ ಒಂದು ಟ್ರಸ್ಟು ದೇವದುರ್ಗದ ಕಡೆಯ ಒಂದು ಹಳ್ಳಿ ಸಾಲಿಗೆ ಫ್ಯಾನು ಕೊಟ್ಟಿತ್ತು. ಕೆಲವು ತಿಂಗಳ ಮೇಲೆ ಅದರ ಕಾರ್ಯದರ್ಶಿ ನೋಡಲು ಬಂದರು. ಫ್ಯಾನು ತೂಗುತ್ತಿತ್ತು, ತಿರುಗುತ್ತಿರಲಿಲ್ಲ. ಬೆವರು ಒರೆಸಿಕೊಳ್ಳುತ್ತ ಹೆಡ್ ಮಾಸ್ತರರನ್ನು ಕೇಳಿದರು:

"ಕರೆಂಟ್ ಹೋಗಿದೆಯಾ?"

"ಇಲ್ರಿ."

"ಮತ್ತೆ?"

"ಹೋಗಬೇಕಂದ್ರ ಮೊದಲ ಬರಬೇಕಲ್ರಿ. ಊರಿಗಿನ್ನಾ ಕಂಬಾನ ಹಾಕಿಲ್ಲ."

ಕಾರ್ಯದರ್ಶಿ ನನ್ನ ಮುಖ ನೋಡಿದರು. ನಾನು ಫ್ಯಾನು ನೋಡಿದೆ. ಅವರಿಗೆ ಬೇಸರವಾಯಿತೆಂದು ಮಾಸ್ತರರಿಗೆ ಕೆಡುಕೆನಿಸಿತು.

"ನೀವು ಕೊಟ್ಟಿದ್ದೇನು ದಂಡ ಆಗಿಲ್ರಿ ಸಾಹೇಬ್ರ. ಮ್ಯಾಲೆ ಗುಬ್ಬಿ ಗೂಡು ಕಟ್ಯಾವ. ಅವಕ್ಕ ಭಾಳ ಅನುಕೂಲ ಆಗೇದ."

ಸ್ವೆಟರು

ಮುಂಬೈನ ಒಂದು ಟ್ರಸ್ಟು ಮಾನ್ವಿಯ ಮಕ್ಕಳಿಗೆ ಉಣ್ಣೆಯ ಸ್ವೆಟರು ಕಳಿಸಿತು. ಚಳಿಗಾಲಕ್ಕೆಂದು ಹೊರಟದ್ದು ಬೇಸಿಗೆಗೆ ಮುಟ್ಟಿತು. ಮಕ್ಕಳು ತೊಟ್ಟಿರುವ ಫೋಟೊ ಬೇಕೇ ಬೇಕೆಂದು ಟ್ರಸ್ಟಿನವರ ಹಟ. ಮಕ್ಕಳಿಗೆ ತೊಡಿಸಿ ಅಂಗಳದಲ್ಲಿ ನಿಲ್ಲಿಸಿದೆವು. ಫೋಟೊದವನು ರಾಯಚೂರಿನಿಂದ ಬರಬೇಕಿತ್ತು, ಬಸ್ಸು ತಡವಾಯಿತು. ಗದ್ದೆಗೆ ಹೊರಟಿದ್ದ ಒಬ್ಬ ತಾಯಿ ಗೇಟಿನಲ್ಲಿ ನಿಂತು ನೋಡಿ, "ಯಾಕ್ರಿ ಮಾಸ್ತರ, ಹುಡುಗರಿಗೆಲ್ಲಾ ಒಮ್ಮಿಗೇ ಚಳಿಜ್ವರ ಬಂತೇನ್ರಿ?" ಎಂದು ಗಾಬರಿಯಾದಳು.

ಅಂತೂ ಫೋಟೊ ಹೋಯಿತು. ಮಕ್ಕಳ ಕಣ್ಣಲ್ಲಿ ಆನಂದದ ನೀರು ಕಂಡು ಧನ್ಯರಾದೆವೆಂದು ಟ್ರಸ್ಟಿನವರು ಹೇಳಿ ಕಳಿಸಿದರು. ಅದು ಬೆವರು ಎಂದು ತಿಳಿಸುವ ತ್ರಾಣ ನನಗಿರಲಿಲ್ಲ.

ಸುಣ್ಣ

ದೇವದುರ್ಗ ತಾಲೂಕಿನ ಗೂಗಲ್ ಎಂಬ ಊರಿನ ಹತ್ತಿರ ಹೊಳೆದಂಡೆಯ ಒಂದು ಹಳ್ಳಿ. ನಾಲ್ಕು ತರಗತಿಗೂ ಒಂದೇ ಕೋಣೆ. ಒಂದನೆಯವರ ಮಗ್ಗಿ ಕೇಳಿ ನಾಲ್ಕನೆಯವರು ತಮ್ಮ ಪದ್ಯ ಮರೆಯುತ್ತಿದ್ದರು. ಹೈದರಾಬಾದಿನ ಟ್ರಸ್ಟೊಂದು ಕೋಣೆ ಕಟ್ಟಿಸಿಕೊಡುತ್ತದೆಂದು ತಿಳಿದು ಊರವರು ಗೋಡೆಗೆ ಸುಣ್ಣ ಹಚ್ಚಿ, ತೋರಣ ಕಟ್ಟಿ ಕಾದರು. ಬಂದ ಹಿರಿಯ ಹೆಂಗಸು, "ಇಷ್ಟು ಚೆಂದದ ಸಾಲಿಗೆ ನಾವೇನು ಮಾಡಬೇಕು? ಬಡ ಸಾಲಿ ತೋರಿಸಿ" ಎಂದರು. ನಾನೆಷ್ಟು ಹೇಳಿದರೂ ಕೇಳದೆ ಜೀಪು ಹತ್ತಿದರು.

ಮರುವರ್ಷ ಒತ್ತಾಯ ಮಾಡಿ ಮತ್ತೆ ಕರೆತಂದೆ. ಊರವರು ಪಾಠ ಕಲಿತಿದ್ದರು. ಬಾಗಿಲು ಕಿತ್ತಿಟ್ಟು, ಗೋಡೆಗೆ ಕೆಸರು ಎರಚಿ, ಕೋಣೆಯೊಳಗೆ ಎಮ್ಮೆ ಕಟ್ಟಿದ್ದರು. ಆಕೆ ಮೂಗಿಗೆ ಸೆರಗು ಹಿಡಿದು, "ಇದ್ದುದನ್ನೇ ಹೀಗೆ ಇಟ್ಟುಕೊಂಡವರಿಗೆ ಹೊಸದು ಹೇಗೆ ಕೊಡುವುದು?" ಎಂದರು. ಅವರ ಉರ್ದುವನ್ನು ನಾನು ಕನ್ನಡಕ್ಕೆ ತಿರುಗಿಸಿ ಹೇಳಿದೆ.

ಊರ ಹಿರಿಯ, ಕುರಿಗಾರ ಮುದುಕಪ್ಪ, ಮುಂದೆ ಬಂದ. "ಯವ್ವಾ, ಚಂದ ಮಾಡಿದ್ರ ಬ್ಯಾಡ ಅಂತೀರಿ, ಹೊಲಸು ಮಾಡಿದ್ರೂ ಬ್ಯಾಡ ಅಂತೀರಿ. ಬರೋ ವರ್ಷ ಅರ್ಧಾ ಗ್ವಾಡಿಗಿ ಸುಣ್ಣ ಹಚ್ಚಲೇನ್ರಿ?"

ಅದನ್ನೂ ಉರ್ದುವಿಗೆ ತಿರುಗಿಸಿದೆ. ಆಕೆ ನಕ್ಕು ನಕ್ಕು ಕಟ್ಟೆಯ ಮೇಲೆ ಕುಳಿತುಬಿಟ್ಟರು. ಕೋಣೆ ಮಂಜೂರಾಯಿತು. ಗೋಡೆ ಟ್ರಸ್ಟಿನದು, ಚಾವಣಿ ನಮ್ಮ ಇಲಾಖೆಯದು ಎಂದು ಒಪ್ಪಂದ. ಗೋಡೆಗಳು ಆರು ತಿಂಗಳೊಳಗೆ ಎದ್ದವು. ಚಾವಣಿಗಾಗಿ ನಾನು ರಿಟೈರಾಗುವವರೆಗೂ ಓಡಾಡಿದೆ.

ಕೊನೆಯ ಸಲ ಹೋದಾಗ ಮಕ್ಕಳು ಆ ನಾಲ್ಕು ಗೋಡೆಗಳ ನಡುವೆ, ಬಯಲು ಆಕಾಶದ ಕೆಳಗೆ ಕುಳಿತು ಓದುತ್ತಿದ್ದರು. ನಾನು ತಲೆ ತಗ್ಗಿಸಿದ್ದು ನೋಡಿ ಮುದುಕಪ್ಪನೇ ಸಮಾಧಾನ ಹೇಳಿದ:

"ಮನಸಿಗಿ ಹಚ್ಕೋಬ್ಯಾಡ್ರಿ ಸಾಹೇಬ್ರ. ಗಾಳಿ ಬೆಳಕಿಗಂತೂ ಏನೂ ಕೊರತಿ ಇಲ್ಲ."