ಹನ್ನೊಂದು ಮೆಟ್ಟಿಲು

ಎದುರು ಮನೆಯ ಗೇಟಿನ ಮೇಲೆ ಸೀಮೆಸುಣ್ಣದ ಗೀಟು ಕಂಡಾಗ ಗಡಿಯಾರ ರಿಪೇರಿಯವನು ಹಲ್ಲುಜ್ಜುತ್ತಿದ್ದ. ಬಾಯಲ್ಲಿದ್ದ ನೊರೆಯನ್ನು ನುಂಗಿಯೇಬಿಟ್ಟ.

ಪುರಸಭೆಯವರು ಮನೆ ಅಳೆಯುತ್ತ ಬಂದಿದ್ದಾರೆ ಎಂಬುದಕ್ಕೆ ಅದು ಗುರುತು. ಮಹಡಿ ಇದ್ದರೆ ಕಂದಾಯ ದುಪ್ಪಟ್ಟು ಎಂಬ ಸುದ್ದಿ ವಾರದಿಂದ ಬೀದಿಯಲ್ಲಿ ಓಡಾಡುತ್ತಿತ್ತು. ಅವನ ತಾರಸಿಯ ಮೇಲೆ ಯಾರ ಅಪ್ಪಣೆಯನ್ನೂ ಕೇಳದೆ ಕಟ್ಟಿದ ಕೋಣೆಯಿತ್ತು. ಕೋಣೆಯೊಳಗೆ ಅತ್ತೆ ಇದ್ದಳು. ಅವಳು ಮೇಲೇರಿದ ಮೇಲೆಯೇ ಕೆಳಗಿನ ಒಂದೇ ಕೋಣೆಯಲ್ಲಿ ಅವನ ಕೆಲಸದ ಮೇಜಿಗೆ ಜಾಗ ಸಿಕ್ಕಿದ್ದು. ಅದಕ್ಕೆ ಮುಂಚೆ ಎರಡು ವರ್ಷ ಮಂಚದ ತುದಿಯಲ್ಲಿ ಕುಳಿತು ಗಡಿಯಾರ ಬಿಚ್ಚುತ್ತಿದ್ದ. ಅತ್ತೆ ಮಗ್ಗುಲು ಬದಲಿಸಿದಾಗಲೆಲ್ಲ ಒಂದು ಸ್ಕ್ರೂ ಕಾಣೆಯಾಗುತ್ತಿತ್ತು.

ದುಪ್ಪಟ್ಟು ಕಟ್ಟುವ ಶಕ್ತಿ ಅವನಿಗಿರಲಿಲ್ಲ. ಕೋಣೆ ಹೋದರೆ ಮೇಜು ಹೋಯಿತು, ಮೇಜು ಹೋದರೆ ಅನ್ನ ಹೋಯಿತು. ಎದೆ ರಿಪೇರಿಗೆ ಬಂದ ಅಲಾರಂನಂತೆ ಹೊತ್ತುಗೊತ್ತಿಲ್ಲದೆ ಹೊಡೆದುಕೊಳ್ಳತೊಡಗಿತು.

ಪಕ್ಕದ ಮನೆಯ ವೆಲ್ಡಿಂಗಿನವನು ಗೋಡೆಯ ಮೇಲೆ ಗಲ್ಲ ಇಟ್ಟು ನೋಡುತ್ತಿದ್ದ.

"ಅವ್ರು ಮೇಲೆ ಹತ್ತಿ ನೋಡಲ್ಲ, ವಾಚಣ್ಣ. ಮೆಟ್ಟಿಲು ನೋಡ್ತಾರೆ. ಮೆಟ್ಟಿಲಿದ್ರೆ ಮಹಡಿ, ಇಲ್ದಿದ್ರೆ ಬರೀ ತಾರಸಿ."

ತಾರಸಿ ಹತ್ತಲು ಇದ್ದ ಹನ್ನೊಂದು ಮೆಟ್ಟಿಲಿನ ಕಬ್ಬಿಣದ ಏಣಿಯನ್ನು ಮಾಡಿಕೊಟ್ಟವನು ಅವನೇ. ಬಿಚ್ಚಲು ಸ್ಪ್ಯಾನರ್ ಹಿಡಿದು ಬಂದವನೂ ಅವನೇ. ಮೊದಲು ಮೇಲೆ ಹೋಗಿ ಕೋಣೆಗೆ ಕರಿ ಟಾರ್ಪಾಲು ಹೊದಿಸಿ, ಒಂದು ಪೈಪು ಸಿಕ್ಕಿಸಿ, ನೀರಿನ ಟ್ಯಾಂಕು ಮಾಡಿದರು. ಬೆಳಿಗ್ಗೆ ಒಂಬತ್ತಕ್ಕೇ ಕತ್ತಲಾಯಿತೇ ಎಂದು ಒಳಗಿನಿಂದ ಅತ್ತೆ ಕೇಳಿದಳು. ಇಬ್ಬರೂ ಅವಸರದಿಂದ ಕೆಳಗಿಳಿದು ಏಣಿಯ ನಾಲ್ಕು ಬೋಲ್ಟು ಬಿಚ್ಚಿದರು. ಏಣಿಯನ್ನು ಮಲಗಿಸಲು ಅಂಗಳ ಸಾಲಲಿಲ್ಲ, ಹೊತ್ತೊಯ್ದು ವೆಲ್ಡಿಂಗಿನವನ ಮನೆಯ ಗೋಡೆಗೇ ಒರಗಿಸಿದರು.

ಹೆಂಡತಿ ಅಡುಗೆಮನೆಯಿಂದ ಬಂದು ಬರಿಗೋಡೆ ನೋಡಿದಳು.

"ರೀ, ಅಮ್ಮ ಮೇಲೇ ಇದ್ದಾಳಲ್ರೀ."

ಅಷ್ಟರಲ್ಲಿ ಗೇಟು ಕಿರ್ರೆಂದಿತು. ಕಂಕುಳಲ್ಲಿ ದಪ್ಪ ಪುಸ್ತಕ, ಕಿವಿಯ ಮೇಲೆ ಸೀಮೆಸುಣ್ಣ. ಅಳತೆಯವನು ಬಂದೇಬಿಟ್ಟಿದ್ದ.

"ಮೇಲಿರೋದು ಏನು?"

"ನೀ... ನೀರಿನ ಟ್ಯಾಂಕು, ಸಾರ್."

ಟ್ಯಾಂಕು ಕೆಮ್ಮಿತು.

ಅಳತೆಯವನು ಮುಖ ಮೇಲೆತ್ತಿದ.

"ಎಷ್ಟು ದಿನದಿಂದ ಕೆಮ್ಮು ಇದಕ್ಕೆ?"

ಗೋಡೆಯ ನಾಲ್ಕು ತೂತುಗಳ ಮೇಲೆ ಬೆರಳಾಡಿಸಿದ, ಆಮೇಲೆ ಪುಸ್ತಕ ತೆರೆದ. ಮೆಟ್ಟಿಲಿಲ್ಲದ್ದು ತಮ್ಮ ಲೆಕ್ಕದಲ್ಲಿ ಮಹಡಿಯೇ ಅಲ್ಲ ಎನ್ನುತ್ತ 'ಮಹಡಿ ಇಲ್ಲ' ಎಂದು ಬರೆದ. ಗಡಿಯಾರದವನು ಉಸಿರು ಬಿಡುವಷ್ಟರಲ್ಲಿ ಅಳತೆಯವನು ಪಕ್ಕದ ಮನೆಯತ್ತ ಕೈ ತೋರಿಸಿದ.

"ಆ ಏಣಿ ಯಾರದು?"

ವೆಲ್ಡಿಂಗಿನವನು ಬಾಯಿ ತೆರೆದ. ಇವನು ಈಗ ಎಲ್ಲ ಹೇಳಿಬಿಡುತ್ತಾನೆ ಎಂದು ಹೆದರಿದ ಗಡಿಯಾರದವನು ನಡುವೆ ಬಾಯಿ ಹಾಕಿದ.

"ಅವ್ರದೇ ಸಾರ್. ಮೊದ್ಲಿಂದ್ಲೂ ಅಲ್ಲೇ ಇದೆ."

"ಸಾಕ್ಷಿ ಹಾಕ್ತೀರಾ?"

ಹಾಕಿದ. ಪಕ್ಕದ ಮನೆಯ ಸಾಲಿನಲ್ಲಿ ಅವನ ಸಹಿಯ ಮೇಲೆ 'ಮಹಡಿ ಇದೆ' ಎಂದು ದಾಖಲಾಯಿತು. ವೆಲ್ಡಿಂಗಿನವನು ಅವನನ್ನು ನೋಡಿದ ನೋಟಕ್ಕೆ ಕಬ್ಬಿಣವೂ ಕರಗಬಹುದಿತ್ತು.

ಅಳತೆಯವನು ಪುಸ್ತಕ ಮುಚ್ಚಿ, ಅಚ್ಚು ಹಾಕಿದ ಒಂದು ಕಾಗದವನ್ನು ಕೈಗಿಟ್ಟ. ಅದರಲ್ಲಿ ಹೀಗಿತ್ತು: ಊರು ಲಂಗುಲಗಾಮಿಲ್ಲದೆ ಬೆಳೆಯುತ್ತಿದೆ. ಇಂದಿನಿಂದ ಹೊಸ ಮಹಡಿಗೆ ಅಪ್ಪಣೆಯಿಲ್ಲ. ಪುಸ್ತಕದಲ್ಲಿ ಮಹಡಿ ಬರೆಸಿಕೊಂಡ ಮನೆಗಳಿಗೆ ಮಾತ್ರ ಮೇಲೆ ಕಟ್ಟುವ ಹಕ್ಕು, ಅವರಿಗೆ ಇನ್ನೈದು ವರ್ಷದವರೆಗೆ ಹಳೆಯ ಕಂದಾಯವೇ. ಪುಸ್ತಕದಲ್ಲಿಲ್ಲದ ಕೋಣೆಗಳನ್ನು ಮೂವತ್ತು ದಿನದೊಳಗೆ ಕೆಡವತಕ್ಕದ್ದು.

"ಮೊದ್ಲೇ ಹೇಳ್ಬಾರದಿತ್ತಾ, ಸಾರ್?"

"ಹೇಳಿದ್ರೆ ಬೀದಿ ತುಂಬ ಮಹಡಿ ಎದ್ದಿರೋವು."

ಗೇಟಿಗೆ ಗೀಟೆಳೆದು ಅವನು ಮುಂದಿನ ಮನೆಗೆ ನಡೆದ. ಗಡಿಯಾರದವನು ಗೋಡೆಯ ಬಳಿ ಹೋಗಿ, ಅತ್ತೆಯನ್ನು ಇಳಿಸಬೇಕು, ಏಣಿ ಕೊಡು ಎಂದು ಕೇಳಿದ. ವೆಲ್ಡಿಂಗಿನವನು ಆಗಲೇ ಆರನೇ ಮೆಟ್ಟಿಲಿನ ಮೇಲೆ ನಿಂತು ತನ್ನ ತಾರಸಿಯನ್ನು ಕಣ್ಣಲ್ಲೇ ಅಳೆಯುತ್ತಿದ್ದ.

"ಯಾವ ಏಣಿ, ವಾಚಣ್ಣ? ಇದು ಮೊದ್ಲಿಂದ್ಲೂ ಇಲ್ಲೇ ಇದೆಯಲ್ಲ."

ಮೇಲೆ ಟಾರ್ಪಾಲು ಸರಿಯಿತು. ಹಾಸಿಗೆಯ ಸುರುಳಿಯೊಂದು ಧೊಪ್ಪನೆ ಅವನ ಕಾಲ ಬಳಿ ಬಿತ್ತು.

"ಎಲ್ಲಾ ಕೇಳಿಸ್ತು, ಅಳಿಯಂದಿರೇ. ಮೊದ್ಲು ಆ ಮೇಜು ಆಚೆ ಹಾಕಿ."