ಅಕ್ಕನಿಗೆ ಬಿಡಿಸಿಕೊಟ್ಟ ಮಾತ್ರೆಗಳು

ನನಗೆ ಕುಡಿತವಿಲ್ಲ, ಎಲೆಅಡಿಕೆಯಿಲ್ಲ, ಇಸ್ಪೀಟು ಹಿಡಿಯಲೂ ಬರುವುದಿಲ್ಲ. ಐವತ್ತೆರಡು ವರ್ಷ ಇಷ್ಟು ಸಭ್ಯವಾಗಿ ಕಳೆದವನಿಗೆ ಒಂದಾದರೂ ದುರಭ್ಯಾಸವಿರಲಿ ಎಂದು ದೇವರಿಗೇ ಅನ್ನಿಸಿರಬೇಕು, ನನಗೆ ಬರೆದುಕೊಟ್ಟ ಔಷಧಿಯನ್ನು ಊರವರಿಗೆಲ್ಲ ಹಂಚುವ ಚಟವೊಂದನ್ನು ಅಂಟಿಸಿದ. ನನ್ನೆದುರು ಯಾರಾದರೂ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತರೆ ಸಾಕು, ಅವರು ನೋವಿನ ವಿವರ ಮುಗಿಸುವ ಮೊದಲೇ ‘ನನಗೂ ಹೀಗೇ ಆಗಿತ್ತು’ ಎಂದು ಶುರುಮಾಡುತ್ತಿದ್ದೆ. ಆಮೇಲೆ ಮಾತ್ರೆಯ ಬಣ್ಣ, ಗಾತ್ರ, ಎಷ್ಟು ಹೊತ್ತಿಗೆ ಗುಣ ಕಾಣುತ್ತದೆ ಎಂಬುದೆಲ್ಲ ತಾನಾಗಿ ಬಾಯಿಗೆ ಬರುತ್ತಿತ್ತು. ಕೇಳುವವರೂ ತಲೆಯಾಡಿಸುತ್ತಿದ್ದರು. ನಿಜವಾದ ಡಾಕ್ಟರ ಹತ್ತಿರ ಹೋದರೆ ಟೋಕನ್ ತೆಗೆದುಕೊಂಡು ಕಾಯಬೇಕು. ನಾನಾದರೆ ಕರೆಯದೆಯೇ ಬರುತ್ತೇನೆ.

ಮನೆಯಲ್ಲಿ ಒಂದು ಹಳೆಯ ಬಿಸ್ಕತ್ತಿನ ಡಬ್ಬವಿತ್ತು. ಜ್ವರದ್ದು, ಕೆಮ್ಮಿನದು, ಕಣ್ಣಿಗೆ ಬಿಡುವುದು, ಯಾವುದಕ್ಕೆಂದು ಯಾರಿಗೂ ನೆನಪಿಲ್ಲದ್ದು, ಎಲ್ಲವೂ ಅದರೊಳಗೆ ಅನ್ಯೋನ್ಯವಾಗಿದ್ದವು. ನನ್ನ ಹೆಂಡತಿ ಸುಜಾತ ಪ್ರತಿ ಯುಗಾದಿಗೆ ಮನೆ ತೊಳೆಯುವಾಗ ಅದನ್ನು ಎಸೆಯಲು ಹೊರಡುವುದು, ನಾನು ಅಡ್ಡ ನಿಲ್ಲುವುದು ನಮ್ಮ ಮನೆಯ ಹಬ್ಬದ ವಿಧಿಗಳಲ್ಲೊಂದು. ಅವಳ ಕೋಪಕ್ಕೆ ಕಾರಣವಿತ್ತು. ನಮ್ಮ ಮಾವನವರ ಮನೆ ಗೃಹಪ್ರವೇಶದ ದಿನ ಅವರು ನಾಲ್ಕು ಸಲ ಸೀನಿದ್ದನ್ನು ನೋಡಲಾರದೆ ನನ್ನ ನೆಗಡಿಯ ಮಾತ್ರೆಯೊಂದನ್ನು ಕೊಟ್ಟಿದ್ದೆ. ಹಸುವನ್ನು ಒಳಗೆ ಹೊಡೆದರು, ಹಾಲುಕ್ಕಿಸಿದರು, ಮೂರು ಪಂಕ್ತಿ ಊಟವಾಯಿತು. ಮಾವನವರು ಮಾತ್ರ ಹೊಸ ಮನೆಯ ಹೊಸ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡು ಮಲಗಿಯೇ ಇದ್ದರು. ಉಡುಗೊರೆ ತಂದವರು ಅವರ ಮಡಿಲಿನಲ್ಲಿಟ್ಟು ಹೋದರು. ನೆಗಡಿಯೇನೋ ನಿಂತಿತ್ತು. ನಾನು ಆ ಒಂದು ಅಂಶವನ್ನೇ ಹಿಡಿದುಕೊಂಡು ವರ್ಷಗಟ್ಟಲೆ ವಾದಿಸಿದೆ.

ಇದರಲ್ಲಿ ಇನ್ನೂ ನಗೆಯ ವಿಷಯವೆಂದರೆ ನನ್ನ ಕೆಲಸ. ಬಾಶೆಟ್ಟಿಹಳ್ಳಿಯ ಸಿದ್ಧ ಉಡುಪಿನ ಕಾರ್ಖಾನೆಯೊಂದರಲ್ಲಿ ನಾನು ಸರಕು ಪರೀಕ್ಷಿಸುವವನು. ಚೀಟಿಯಿಲ್ಲದ ಒಂದು ದಾರದ ಉಂಡೆಯೂ ನನ್ನನ್ನು ದಾಟಿ ಒಳಗೆ ಹೋಗುವುದಿಲ್ಲ. ಹೆಸರು, ನಂಬರು, ತಯಾರಾದ ತಾರೀಖು ಇಲ್ಲವೆಂದು ಲಾರಿಯನ್ನೇ ವಾಪಸು ಕಳಿಸಿದ್ದೇನೆ. ಗುಂಡಿ ಹೊಲಿಯುವ ದಾರದ ಮೇಲಿರುವ ಈ ಕಾಳಜಿ ಮನುಷ್ಯರ ಹೊಟ್ಟೆಗೆ ಹೋಗುವ ವಸ್ತುವಿನ ಮೇಲೆ ಮಾತ್ರ ನನಗಿರಲಿಲ್ಲ.

ಕಳೆದ ವರ್ಷ ನನಗೆ ಸೊಂಟ ಹಿಡಿಯಿತು. ಬಸ್ಸಿನ ಮೆಟ್ಟಿಲು ಹತ್ತಲಾಗದೆ ಡಾಕ್ಟರ ಹತ್ತಿರ ಹೋದೆ. ಅವರು ಮಾತ್ರೆ ಬರೆಯುವ ಮೊದಲು ಅಷ್ಟುದ್ದ ವಿಚಾರಣೆ ಮಾಡಿದರು. ಬಿಪಿ ಇದೆಯೇ, ಶುಗರ್ ಇದೆಯೇ, ಹೊಟ್ಟೆಯಲ್ಲಿ ಹುಣ್ಣಾಗಿತ್ತೇ, ಕಿಡ್ನಿಯ ತೊಂದರೆಯಿದೆಯೇ, ಬೇರೆ ಯಾವ ಮಾತ್ರೆ ನುಂಗುತ್ತಿದ್ದೀರಿ. ಸೊಂಟ ನೋವೆಂದು ಬಂದವನಿಗೆ ಜಾತಕವೆಲ್ಲ ಯಾಕೆ ಎಂದು ನನಗೆ ಒಳಗೊಳಗೇ ಸಿಟ್ಟು. ಕೊನೆಗೆ ನೋವು ಮತ್ತು ಊತ ಇಳಿಸುವ ಡೈಕ್ಲೋಫಿನ್ಯಾಕ್ ಎಂಬ ಮಾತ್ರೆ ಬರೆದು, ದಿನಕ್ಕೆ ಎರಡೇ, ಊಟವಾದ ಮೇಲೆ, ಐದೇ ದಿನ ಎಂದರು. ಹೊಟ್ಟೆ ಕಾಯಲು ಬೆಳಿಗ್ಗೆ ಇನ್ನೊಂದು ಮಾತ್ರೆ. ಕಡಿಮೆಯಾಗದಿದ್ದರೆ ಬನ್ನಿ, ನೀವಾಗಿಯೇ ಮುಂದುವರಿಸಬೇಡಿ ಎಂದೂ ಹೇಳಿದರು. ಮೂರನೇ ದಿನಕ್ಕೆ ನನ್ನ ಸೊಂಟ ಹೂವಿನಂತಾಯಿತು. ನಾಲ್ಕು ಮಾತ್ರೆ ಉಳಿದವು. ಆ ನಾಲ್ಕು ಮಾತ್ರೆ ಯಾರಿಗೆ ಸೇರಬೇಕೆಂದು ನಾನು ಯೋಚಿಸಲೇ ಇಲ್ಲ. ನೇರವಾಗಿ ಅಕ್ಕನ ಮನೆಗೆ ಹೋದೆ.

ರತ್ನಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಆವತಿಯ ಕಡೆಯ ರಾಗಿ ಹೊಲದ ಮನೆಯಿಂದ ದೊಡ್ಡಬಳ್ಳಾಪುರದ ಮಗ್ಗದ ಮನೆಗೆ ಮದುವೆಯಾಗಿ ಬಂದವಳು. ಮನೆಯ ಮುಂಭಾಗದಲ್ಲೇ ನಾಲ್ಕು ವಿದ್ಯುತ್ ಮಗ್ಗಗಳು. ಭಾವ ಎರಡನ್ನು ನೋಡಿಕೊಂಡರೆ ಅಕ್ಕ ಎರಡನ್ನು. ಲಾಳಿಯಲ್ಲಿ ನೂಲು ಮುಗಿದಾಗ ಬದಲಾಯಿಸಬೇಕು, ಎಳೆ ಕಡಿದರೆ ಗಂಟು ಹಾಕಬೇಕು, ಹೀಗೆ ಬೆಳಗಿನಿಂದ ಸಂಜೆಯವರೆಗೆ ನಿಂತೇ ಕೆಲಸ. ಮೂವತ್ತೈದು ವರ್ಷ ನಿಂತ ಮಂಡಿಗಳು ಈಗ ಊದಿಕೊಂಡಿದ್ದವು. ಅವಳು ಮಗ್ಗದ ಚೌಕಟ್ಟು ಹಿಡಿದುಕೊಂಡು ಒಂದೊಂದೇ ಹೆಜ್ಜೆ ಇಡುವುದನ್ನು ನೋಡಿದರೆ ನನಗೆ ತಡೆಯಲಾಗುತ್ತಿರಲಿಲ್ಲ. ಚಿಕ್ಕಂದಿನಲ್ಲಿ ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಊರೆಲ್ಲ ಓಡಾಡಿದ ಕಾಲುಗಳು ಅವು.

ಮಾತ್ರೆ ಕೊಟ್ಟೆ. ಎರಡು ದಿನ ಬಿಟ್ಟು ಅಕ್ಕನೇ ಫೋನು ಮಾಡಿದಳು. ಮಗ್ಗಗಳ ಸದ್ದಿನ ನಡುವೆ ಅವಳು ಕೂಗಿ ಹೇಳಿದ್ದಿಷ್ಟು: ನೋವು ಇಳಿದಿದೆ, ಇನ್ನೊಂದಷ್ಟು ಸಿಗುತ್ತದೆಯೇ. ನನ್ನ ಹೆಮ್ಮೆಗೆ ಪಾರವಿರಲಿಲ್ಲ. ನನ್ನ ಹಳೆಯ ಚೀಟಿಯನ್ನು ತೋರಿಸಿ ಅಂಗಡಿಯಿಂದ ಮೂರು ಶೀಟು ತಂದೆ. ಹೊಟ್ಟೆಯ ಮಾತ್ರೆಯನ್ನು ತರಲಿಲ್ಲ. ಅದು ಸುಮ್ಮನೆ ಬರೆಯುತ್ತಾರೆ ಎಂಬುದು ನನ್ನ ವೈದ್ಯಕೀಯ ಅಭಿಪ್ರಾಯವಾಗಿತ್ತು. ನೂಲಿನ ಎಳೆ ಹಿಡಿದು ಹಿಡಿದು ಅಕ್ಕನ ಬೆರಳ ತುದಿಗಳು ಒರಟಾಗಿದ್ದವು, ಶೀಟಿನಿಂದ ಮಾತ್ರೆ ಬಿಡಿಸಲು ಪರದಾಡುತ್ತಿದ್ದಳು. ಹಾಗಾಗಿ ಅವಳ ಎದುರು ಕೂತು ಮೂವತ್ತು ಮಾತ್ರೆಗಳನ್ನೂ ಬಿಡಿಸಿ, ಸೋಂಪು ಹಾಕಿಡುತ್ತಿದ್ದ ಸಣ್ಣ ಡಬ್ಬಿಯೊಂದಕ್ಕೆ ತುಂಬಿಕೊಟ್ಟೆ. ಹೆಸರಿದ್ದ ಖಾಲಿ ಶೀಟುಗಳನ್ನು ಜೇಬಿಗೆ ಹಾಕಿಕೊಂಡು ಬಂದು ನಮ್ಮನೆ ಕಸದ ಬುಟ್ಟಿಗೆ ಎಸೆದೆ. ಅಕ್ಕನಿಗೆ ಬಿಪಿ ಇತ್ತು, ದಿನಾ ಮಾತ್ರೆ ನುಂಗುತ್ತಿದ್ದಳು. ಅದು ನನಗೆ ಗೊತ್ತಿತ್ತು. ಡಾಕ್ಟರು ನನ್ನನ್ನು ಕೇಳಿದ ಪ್ರಶ್ನೆಗಳಲ್ಲಿ ಒಂದನ್ನೂ ನಾನು ಅವಳನ್ನು ಕೇಳಲಿಲ್ಲ. ಸುಜಾತ ಕೇಳಿದಳು, ಡಾಕ್ಟರಿಗೆ ತೋರಿಸಬಾರದೇ ಎಂದು. ತೋರಿಸಿದರೂ ಇದನ್ನೇ ಬರೆಯುವುದು ಎಂದೆ.

ಎರಡು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ, ನಾನು ಕಾರ್ಖಾನೆಯ ಬಸ್ಸಿಗೆ ನಿಂತಿದ್ದಾಗ ಭಾವನ ಫೋನು ಬಂತು. ಅಕ್ಕ ಮಗ್ಗದ ಪಕ್ಕದಲ್ಲೇ ಕುಸಿದಿದ್ದಳು. ನಾಲ್ಕು ದಿನದಿಂದ ಮಲ ಡಾಂಬರಿನಂತೆ ಕಪ್ಪಗೆ ಹೋಗುತ್ತಿತ್ತಂತೆ, ಯಾರಿಗೂ ಹೇಳಿರಲಿಲ್ಲ. ಪಾದ ಊದಿತ್ತು, ಮೂತ್ರ ಕಡಿಮೆಯಾಗಿತ್ತು. ನಾನು ಆಸ್ಪತ್ರೆ ಸೇರುವಷ್ಟರಲ್ಲಿ ಅವಳಿಗೆ ರಕ್ತ ಕೊಡಲು ಶುರುಮಾಡಿದ್ದರು. ಮುಖ ಒಗೆದ ಬಟ್ಟೆಯಂತೆ ಬೆಳ್ಳಗಿತ್ತು. ನನ್ನನ್ನು ನೋಡಿ, ತಿಂಡಿ ತಿಂದೆಯಾ ಎಂದು ಕೇಳಿದಳು.

ಅಲ್ಲಿದ್ದ ಲೇಡಿ ಡಾಕ್ಟರು ವಯಸ್ಸಿನಲ್ಲಿ ಚಿಕ್ಕವರು. ಭಾವ ಮನೆಯಿಂದ ತಂದಿದ್ದ ಡಬ್ಬಿಯನ್ನು ಅಂಗೈ ಮೇಲೆ ಬಗ್ಗಿಸಿ, ಉಳಿದಿದ್ದ ಮೂರು ಮಾತ್ರೆಗಳನ್ನು ಹೊರಳಿಸಿ ನೋಡಿದರು. ಮಾತ್ರೆಯ ಮೇಲೆ ಏನೂ ಬರೆದಿರಲಿಲ್ಲ.

“ಏನಮ್ಮ ಇದು? ಯಾರು ಕೊಟ್ಟಿದ್ದು?” ಎಂದರು.

ಅಕ್ಕ ನನ್ನ ಕಡೆ ನೋಡಲಿಲ್ಲ. “ಅಂಗಡೀಲಿ ತಗೊಂಡಿದ್ದು ಮೇಡಮ್. ಹೆಸ್ರು ಗೊತ್ತಿಲ್ಲ,” ಎಂದಳು.

ನಾನು ಏಳು ವರ್ಷದವನಿದ್ದಾಗ ಅಪ್ಪ ಬೆಳೆಗೆ ಔಷಧಿ ಸಿಂಪಡಿಸುವ ಯಂತ್ರವನ್ನು ಬಾವಿಗೆ ಬೀಳಿಸಿದ್ದೆ. ಆವತ್ತೂ ಅಕ್ಕ ಹೀಗೆಯೇ, ಯಾರ ಮುಖವನ್ನೂ ನೋಡದೆ, ‘ನಾನೇ ಬೀಳಿಸಿದ್ದು’ ಎಂದಿದ್ದಳು. ಏಟು ಅವಳಿಗೆ ಬಿತ್ತು. ಅದಾಗಿ ನಲವತ್ತೈದು ವರ್ಷವಾದರೂ ನಾನು ಮಂಚದ ಕಾಲಬದಿಯಲ್ಲಿ ಹಾಗೆಯೇ ಬಾಯಿ ಮುಚ್ಚಿಕೊಂಡು ನಿಂತಿದ್ದೆ. ಡಾಕ್ಟರು ಡಬ್ಬಿ ಹಿಡಿದುಕೊಂಡು ಬಾಗಿಲು ದಾಟಿದರು. ಆಮೇಲೆ ಓಡಿದೆ. ಊರಿಗೆಲ್ಲ ಬೇಡವೆಂದರೂ ಮಾತ್ರೆಯ ಹೆಸರು ಹೇಳುತ್ತಿದ್ದವನಿಗೆ, ಬೇಕಾದ ಕಡೆ ಒಂದು ಹೆಸರು ಹೇಳಲು ಅಷ್ಟು ದೂರ ಓಡಬೇಕಾಯಿತು.

“ಅದು ನಾನು ಕೊಟ್ಟಿದ್ದು ಮೇಡಮ್,” ಎಂದೆ. ಹೆಸರು, ಎಷ್ಟು ಪವರಿನದು, ದಿನಕ್ಕೆಷ್ಟು, ಎಷ್ಟು ದಿನ, ಎಲ್ಲವನ್ನೂ ಹೇಳಿದೆ. ಅವರು ಬರೆದುಕೊಂಡರು. ಆಮೇಲೆ ಅಕ್ಕನ ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ, ಖಾಲಿ ಕವರುಗಳ ಸಮೇತ, ಈಗಲೇ ತನ್ನಿ ಎಂದರು. ಹೋಗಿ ತಂದೆ. ಅದರಲ್ಲಿ ಇನ್ನೊಂದು ಶೀಟಿತ್ತು, ಅಕ್ಕ ಮೈಕೈ ನೋವಿಗೆಂದು ಬೀದಿಯ ಅಂಗಡಿಯಿಂದ ಆಗಾಗ ತರಿಸಿ ನುಂಗುತ್ತಿದ್ದದ್ದು. ಡಾಕ್ಟರು ಅದರ ಹಿಂಭಾಗದ ಸಣ್ಣ ಅಕ್ಷರಗಳನ್ನು ನನ್ನ ಕೈಯಲ್ಲೇ ಓದಿಸಿದರು. ಹೆಸರು ಬೇರೆ, ಒಳಗಿದ್ದದ್ದು ಅದೇ ಡೈಕ್ಲೋಫಿನ್ಯಾಕ್. ಎರಡೂ ಸೇರಿ ಅಕ್ಕ ದಿನಕ್ಕೆ ನನ್ನ ಎರಡರಷ್ಟು ನುಂಗಿದ್ದಳು. ಅದೂ ಬೆಳಿಗ್ಗೆ ಮಗ್ಗ ಶುರುಮಾಡುವ ಮೊದಲು, ಬರೀ ಕಾಫಿಯ ಮೇಲೆ.

ಅವರು ನನ್ನನ್ನು ಬೈದಿದ್ದರೆ ಹಗುರವಾಗುತ್ತಿತ್ತು. ಬೈಯಲಿಲ್ಲ. ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಸೋರಿದೆ, ಅದನ್ನು ನಿಲ್ಲಿಸಬಹುದು. ಬಿಪಿ ಮಾತ್ರೆಯ ಜೊತೆ ಇದೂ ಸೇರಿ ಕಿಡ್ನಿಗೆ ಪೆಟ್ಟಾಗಿದೆ, ಅದು ಎಷ್ಟು ವಾಪಸು ಬರುತ್ತದೋ ನೋಡಬೇಕು ಎಂದು ತಣ್ಣಗೆ ವಿವರಿಸಿದರು. “ಮಾತ್ರೆ ಕೆಟ್ಟದ್ದಲ್ಲ ಸರ್. ನಿಮ್ಗೆ ಸರಿಯಾಗಿತ್ತು. ಅವ್ರಿಗಲ್ಲ,” ಎಂದರು. ಇಷ್ಟನ್ನು ಹೇಳಿ ಇನ್ನೊಬ್ಬ ರೋಗಿಯ ಕಡೆ ತಿರುಗಿದರು. ಆ ಹುಡುಗಿಗೆ ನನ್ನ ಮಗಳ ವಯಸ್ಸು.

ಅಕ್ಕ ಹನ್ನೊಂದು ದಿನಕ್ಕೆ ಮನೆಗೆ ಬಂದಳು. ಹುಣ್ಣು ಮಾಯಿತು. ಕಿಡ್ನಿ ಪೂರ್ತಿ ಮೊದಲಿನಂತಾಗಲಿಲ್ಲ. ಈಗ ಉಪ್ಪು ಕಡಿಮೆ, ತಿಂಗಳಿಗೊಮ್ಮೆ ರಕ್ತ ಪರೀಕ್ಷೆ, ಯಾವ ಮಾತ್ರೆಗೂ ಡಾಕ್ಟರನ್ನು ಕೇಳಬೇಕು. ಈ ಜಾತಿಯ ನೋವಿನ ಮಾತ್ರೆಯನ್ನು ಇನ್ನು ಜನ್ಮದಲ್ಲಿ ಮುಟ್ಟುವಂತಿಲ್ಲ. ಮಂಡಿ ನೋವು ಮಾತ್ರ ಹಾಗೆಯೇ ಇದೆ, ಬಹುಶಃ ಹೆಚ್ಚೇ ಆಗಿದೆ. ಅವಳ ಎರಡು ಮಗ್ಗಗಳು ನಿಂತಿವೆ. ಭಾವ ಅವುಗಳ ಮೇಲೆ ಹಳೆಯ ಪಂಚೆಯೊಂದನ್ನು ಹೊದಿಸಿದ್ದಾರೆ. ಮೊದಲಿನಂತೆ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ, ಭುಜ ಎಳೆಯುತ್ತದೆ ಏನು ಮಾಡಲಿ ಎಂದು ಕೇಳುವುದನ್ನು ಬಿಟ್ಟಿದ್ದಾರೆ. ಬಿಸ್ಕತ್ತಿನ ಡಬ್ಬವನ್ನು ಸುಜಾತ ಯುಗಾದಿಗೆ ಕಾಯದೆ ಖಾಲಿ ಮಾಡಿದಳು. ನಾನು ಅಡ್ಡ ನಿಲ್ಲಲಿಲ್ಲ.

ಭಾನುವಾರ ಅಕ್ಕನ ಮನೆಗೆ ಹೋಗಿ ಮಂಡಿಗೆ ಬಿಸಿನೀರಿನ ಬ್ಯಾಗಿನಿಂದ ಶಾಖ ಕೊಡುತ್ತೇನೆ. ಇದಕ್ಕೆ ಡಾಕ್ಟರ ಅನುಮತಿಯಿದೆ, ನಾನೇ ಕೇಳಿಕೊಂಡು ಬಂದಿದ್ದೇನೆ. ಕ್ಷಮಿಸು ಎಂದು ಹೇಳಲು ಪ್ರತಿ ವಾರವೂ ಸಿದ್ಧನಾಗಿಯೇ ಹೋಗುತ್ತೇನೆ, ಅವಳು ಬಾಯಿ ತೆರೆಯಲು ಬಿಡುವುದಿಲ್ಲ. ಸೊಪ್ಪು ಬಿಡಿಸುತ್ತ ಊರಿನವರ ಸುದ್ದಿ ಹೇಳುತ್ತಾಳೆ. ಕಳೆದ ವಾರ ಅವಳು ಸೊಪ್ಪನ್ನು ಪಕ್ಕಕ್ಕಿಟ್ಟಳು. ಪಂಚೆ ಹೊದ್ದ ಮಗ್ಗಗಳ ಕಡೆ ನೋಡುತ್ತ ಹೇಳಿದಳು:

“ಏನೇ ಹೇಳು ಮಂಜ, ಆ ಮಾತ್ರೆ ತಗೊಳ್ತಿದ್ದಾಗ ಎರಡು ವಾರ ನಂಗೆ ಮಂಡಿ ಇದೆ ಅನ್ನೋದೇ ಮರ್ತೋಗಿತ್ತು ಕಣೋ. ನಿಮ್ಮ ಭಾವಂಗೆ ಕೂತ್ಕೊಳಿ ಅಂದ್ಬಿಟ್ಟು ಒಂದಿನ ನಾಲ್ಕು ಮಗ್ಗಾನೂ ಒಬ್ಳೇ ಓಡಿಸ್ದೆ. ಚೆನ್ನಾಗಿತ್ತು.”

ಇಷ್ಟು ವರ್ಷದ ನನ್ನ ವೈದ್ಯವೃತ್ತಿಯಲ್ಲಿ ಯಾವ ರೋಗಿಯೂ ಇಷ್ಟು ಮನಸಾರೆ ಮೆಚ್ಚಿರಲಿಲ್ಲ. ನೀರು ಆರಿದೆ, ಬಿಸಿ ಮಾಡಿ ತರುತ್ತೇನೆ ಎಂದು ಹೇಳಿ ಬ್ಯಾಗು ಎತ್ತಿಕೊಂಡು ಅಡಿಗೆಮನೆಗೆ ಹೋದೆ. ಬ್ಯಾಗಿನ ನೀರು ಇನ್ನೂ ಕೈ ಸುಡುವಷ್ಟು ಬಿಸಿಯಿತ್ತು.