ಕಂಪ್ರೆಸರಿಗೆ ತೆಂಗಿನೆಣ್ಣೆ

ನಮ್ಮ ಮನೆಯಲ್ಲಿ ತೆಂಗಿನೆಣ್ಣೆ ಮುಟ್ಟದ ವಸ್ತು ಇದ್ದರೆ ಅದು ರೇಷನ್ ಕಾರ್ಡು ಮಾತ್ರ. ಅದರ ಮೇಲೂ ಒಂದು ಕಲೆ ಇದೆ ಎಂದು ಹೆಂಡತಿ ಹೇಳುತ್ತಾಳೆ. ತಲೆಗೆ, ದೋಸೆ ಕಾವಲಿಗೆ, ಕಿರುಗುಟ್ಟುವ ಬಾಗಿಲಿಗೆ, ಹೊಲಿಗೆ ಯಂತ್ರಕ್ಕೆ, ಸುಟ್ಟ ಬೆರಳಿಗೆ ಎಲ್ಲಕ್ಕೂ ಒಂದೇ ಬಾಟಲಿ. ಉಡುಪಿ ಬಿಟ್ಟು ಡೊಂಬಿವಲಿಗೆ ಬಂದು ಎಷ್ಟೋ ವರ್ಷವಾದರೂ ಅಮ್ಮ ಆ ಬಾಟಲಿಯನ್ನು ದೇವರ ಗೂಡಿನ ಪಕ್ಕದಲ್ಲೇ ಇಡುತ್ತಿದ್ದಳು. ಇಂಥ ಮನೆಯಲ್ಲಿ ಬೆಳೆದವನ ಕೈಗೆ ಸ್ಪೋರ್ಟ್ಸ್ ಕಾರು ಕೊಡಬಾರದಿತ್ತು.

ಕಾರು ಭಾವನದು. ಕೊಲ್ಲಿ ದೇಶದಲ್ಲಿ ದುಡಿದು ಮರಳುವಾಗ ಉಳಿದವರು ಚಿನ್ನ, ಟೇಪ್ ರೆಕಾರ್ಡರ್ ತಂದರೆ, ಭಾವ ಎರಡೇ ಬಾಗಿಲಿನ, ಎರಡೇ ಸೀಟಿನ, ಆಗಲೇ ಮುದಿಯಾಗಿದ್ದ ಕಾರೊಂದನ್ನು ಹಡಗಿನಲ್ಲಿ ತಂದರು. ಸ್ಟೀರಿಂಗ್ ಎಡಕ್ಕೆ, ಬಣ್ಣ ಕೆಂಪು. ಈ ಸಾಲನ್ನು ಓದಿದ ಹೆಂಡತಿ ಅದು ಇಟ್ಟಿಗೆ ಬಣ್ಣ ಎನ್ನುತ್ತಾಳೆ; ಅಕ್ಕನನ್ನು ಕೇಳಿದರೆ ಕಂದು ಎಂದಳು. ನೆನಪು ಎಂಬುದು ಪ್ರತಿ ಸಲವೂ ಹೊಸ ಪೇಂಟ್ ಹೊಡೆಸಿಕೊಂಡು ಬರುವ ಹಳೆಯ ಗಾಡಿ. ಬಣ್ಣವನ್ನು ನಂಬಬೇಡಿ, ತಗ್ಗುಗಳನ್ನು ನಂಬಿ. ತಗ್ಗು ಏನೆಂದರೆ, ಅದರ ಎರಡೂ ಕಿಟಕಿ ಕೆಳಗಿಳಿಯುತ್ತಿರಲಿಲ್ಲ. ಎಸಿ ನಿಂತರೆ ಕಾರು ಇಡ್ಲಿ ಪಾತ್ರೆ. ಭಾವನ ಹೊಟ್ಟೆ ಸ್ಟೀರಿಂಗಿಗೆ ಒರಸುತ್ತಿದ್ದುದರಿಂದ ಓಡಿಸುವ ಭಾಗ್ಯ ನನಗೆ ಬಂತು.

ತೊಂಬತ್ತರ ದಶಕದ ಒಂದು ಮೇ ತಿಂಗಳಲ್ಲಿ ಅಕ್ಕನ ಮಗಳ ಮದುವೆ ಡೊಂಬಿವಲಿಯಲ್ಲೇ ನಿಶ್ಚಯವಾಯಿತು. ನಮ್ಮವರ ಮದುವೆಗೆ ಚಿನ್ನ ಸ್ವಲ್ಪ ಕಡಿಮೆಯಾದರೂ ನಡೆದೀತು, ಊರಿನ ಮಲ್ಲಿಗೆ ಇಲ್ಲದಿದ್ದರೆ ನಡೆಯದು. ಹಿಂದಿನ ವರ್ಷ ದೊಡ್ಡ ಮಗಳ ಮದುವೆಯಲ್ಲಿ, ರಾತ್ರಿಯಿಡೀ ಬಾಳೆಲೆಯೊಳಗೆ ನೆಮ್ಮದಿಯಾಗಿ ಬಸ್ಸಿನಲ್ಲಿ ಬಂದ ಹೂವು ಹೆದ್ದಾರಿಯ ಕಳಂಬೋಲಿಯಲ್ಲಿ ಇಳಿದು ಟೆಂಪೋ ಹತ್ತಿ ಡೊಂಬಿವಲಿ ಸೇರುವಷ್ಟರಲ್ಲಿ ಕಂದಾಗಿತ್ತು. ಬೀಗರ ಹೆಂಗಸರು ಅದನ್ನು ಮೂಸಿ ನೋಡಿ ಏನೂ ಹೇಳಲಿಲ್ಲ. ಆ ಏನೂ ಹೇಳದಿರುವುದನ್ನು ಅಕ್ಕ ಒಂದು ವರ್ಷ ಹೊತ್ತುಕೊಂಡು ತಿರುಗಿದಳು.

“ಈ ಸಲ ಹೂವು ಭಾವನ ಕಾರಿನ ಎಸಿಯಲ್ಲಿ ಬರುತ್ತದೆ. ಅದು ನನ್ನ ಜವಾಬ್ದಾರಿ” ಎಂದು ನಾನು ಎಲ್ಲರೆದುರು ಘೋಷಿಸಿದೆ.

“ಮಾಮಾ, ಗಜರಾ ಸ್ಟೇಶನಚ್ಯಾ ಬಾಹೇರ ಮಿಳತೋ ನಾ” ಎಂದಳು ಮದುವಣಗಿತ್ತಿ, ಸ್ಟೇಷನ್ ಹೊರಗೇ ಹೂವು ಸಿಗುವಾಗ ಇವರಿಗೇನು ಹುಚ್ಚು ಎಂಬ ಧಾಟಿಯಲ್ಲಿ.

“ನೀನು ಸುಮ್ಮನಿರು. ಇವನು ಹೇಳಿದ್ದಾನೆ, ತರುತ್ತಾನೆ” ಎಂದಳು ಅಕ್ಕ. ಅವಳು ನನ್ನನ್ನು ನಂಬಿದ್ದು ಅದೇ ಮೊದಲು.

ಮದುವೆಗೆ ಎರಡು ವಾರವಿರುವಾಗ ಎಸಿಯ ಕಂಪ್ರೆಸರ್ ಒಣ ಮೆಣಸು ಅರೆಯುವ ಸದ್ದು ಮಾಡತೊಡಗಿತು. ಗ್ಯಾಸೆಲ್ಲ ಸೋರಿಹೋಗಿತ್ತು. ಎಣ್ಣೆ ಹಾಕುವ ತಿರುಪು ಪಕ್ಕದಲ್ಲೇ ಕಾಣುತ್ತಿತ್ತು. ನಾನು ಮನೆಗೆ ಹೋಗಿ ದೇವರ ಗೂಡಿನ ಪಕ್ಕದ ಬಾಟಲಿ ತಂದು ಅರ್ಧ ಸುರಿದೆ. ಸದ್ದು ನಿಂತಿತು. ಆ ಸಂಜೆ ನಾನು ಇಂಜಿನಿಯರ್ ಆಗಿದ್ದೆ. ಮರುದಿನ ಪಕ್ಕದೂರು ಕಲ್ಯಾಣಿನ ಗ್ಯಾರೇಜಿನಲ್ಲಿ, ಎಣ್ಣೆಯ ವಿಷಯ ಬಾಯಿಬಿಡದೆ ಗ್ಯಾಸ್ ತುಂಬಿಸಿಕೊಂಡೆ. ಹತ್ತು ನಿಮಿಷ ಹಿಮಾಲಯ. ಆಮೇಲೆ ಒಂದು ಕಿರುಚಾಟ, ಬೆಲ್ಟ್ ಸುಟ್ಟ ವಾಸನೆ, ಮತ್ತೆ ಇಡ್ಲಿ ಪಾತ್ರೆ.

ಆ ಜಾತಿಯ ಕಂಪ್ರೆಸರ್ ಎಲ್ಲೂ ಸಿಗಲಿಲ್ಲ. ಯಾರೋ ಕಳಂಬೋಲಿಯ ಶರಣಪ್ಪನ ಹೆಸರು ಹೇಳಿದರು. ಬಿಜಾಪುರದ ಕಡೆಯವನು, ಕಬ್ಬಿಣದ ಮಾರ್ಕೆಟ್ಟಿಗೆ ಹಮಾಲಿಗೆ ಬಂದು, ಐಸ್ ಫ್ಯಾಕ್ಟರಿಯ ಯಂತ್ರಗಳನ್ನು ನೋಡಿ ನೋಡಿಯೇ ರಿಪೇರಿ ಕಲಿತವನು. ಬೆವರಿನಲ್ಲಿ ಬೆಂದು ಕಾರನ್ನು ಅವನ ಶೆಡ್ಡಿಗೆ ಮುಟ್ಟಿಸಿದೆ. ಅವನು ಕಂಪ್ರೆಸರ್ ಬಿಚ್ಚಿ, ತೆಳು ಪೈಪಿನ ಬಾಯಲ್ಲಿ ಕಟ್ಟಿಕೊಂಡಿದ್ದ ಬಿಳಿ ಗಡ್ಡೆಯನ್ನು ಉಗುರಿನಿಂದ ಕೆರೆದು ಮೂಸಿದ. ಬಹಳ ಹೊತ್ತು ಮೂಸಿದ.

“ಸಾಹೇಬ್ರ, ಒಗ್ಗರಣಿ ಒಂದ ಕಡಿಮಿ ಆಗೇತಿ ನೋಡ್ರಿ ಇದರಾಗ.”

ನಾನು ಶೆಡ್ಡಿನ ತಗಡು ನೋಡುತ್ತಿದ್ದೆ.

“ಥಂಡಿ ಮಾಡೋ ಮಷೀನಿಗೆ ಥಂಡಿಗೆ ಗಟ್ಟಿ ಆಗೋ ಎಣ್ಣಿ ಹಾಕ್ಯಾರ. ಯಾರ್ರಿ ಆ ಪುಣ್ಯಾತ್ಮ?”

“ನಮ್ಮ ಅಮ್ಮ” ಎಂದೆ. ಅಷ್ಟು ಸಲೀಸಾಗಿ ಬಂತು.

“ಹಿರ್ಯಾರು” ಎಂದು ಅವನು ತಲೆ ತಗ್ಗಿಸಿದ. “ಅವರಿಗೇನ್ ಅನ್ನಾಕ ಬರೂದಿಲ್ಲ.”

ಮೂರು ದಿನ ಅವನು ಆ ಪುಟ್ಟ ಯಂತ್ರವನ್ನು ಎಳೆಗೂಸಿನಂತೆ ಮೀಯಿಸಿದ. ಪಿಸ್ಟನ್ನುಗಳನ್ನು ಪೆಟ್ರೋಲಿನಲ್ಲಿ ತೊಳೆದ, ಪೈಪುಗಳಿಗೆ ಗಾಳಿ ಊದಿದ, ಐಸ್ ಫ್ಯಾಕ್ಟರಿಯ ಹಳೆಯ ಯಂತ್ರವೊಂದರ ಸೀಲನ್ನು ಅಳತೆಗೆ ಉಜ್ಜಿ ಕೂರಿಸಿದ. ಕೊನೆಗೆ ಎಂಜಿನ್ ಶುರು ಮಾಡಿಸಿ, ಸ್ಕ್ರೂಡ್ರೈವರಿನ ತುದಿ ಕಂಪ್ರೆಸರಿಗೆ, ಹಿಡಿ ಕಿವಿಗೆ ಒತ್ತಿ ನಿಂತ. “ಉಸಿರಾಡಾಕತ್ತೈತಿ” ಎಂದ.

ಮದುವೆಯ ದಿನ ಊರಿನ ಬಸ್ಸು ಕಳಂಬೋಲಿಗೆ ತಡವಾಗಿ, ಬಿಸಿಲೇರಿದ ಮೇಲೆ ಬಂತು. ಪ್ರೆಷರ್ ನೋಡಿಕೊಳ್ಳಬೇಕೆಂದು ಶರಣಪ್ಪನೂ ಹತ್ತಿದ. ಎರಡೇ ಸೀಟಾದ್ದರಿಂದ ನಾಲ್ಕು ಅಟ್ಟೆ, ಎಂದರೆ ಹದಿನಾರು ಚೆಂಡು, ಮಲ್ಲಿಗೆಯ ಕಟ್ಟು ಅವನ ತೊಡೆಯ ಮೇಲೆ. ಗಾಳಿಯ ಬಾಯಿಗಳನ್ನೆಲ್ಲ ಹೂವಿನತ್ತ ತಿರುಗಿಸಿದೆವು. ಶಿಳ್‌ಫಾಟಾ ಕೂಡುರಸ್ತೆಯಲ್ಲಿ ಲಾರಿಗಳ ಸಾಲು ಅಲುಗಾಡದೆ ನಿಂತಿತ್ತು. ಹೊರಗೆ ಡ್ರೈವರುಗಳು ತಲೆಗೆ ನೀರು ಸುರಿದುಕೊಳ್ಳುತ್ತಿದ್ದರು. ಒಳಗೆ ಶರಣಪ್ಪ ಹಲ್ಲು ಕಟಕಟಿಸುತ್ತ, “ಸಾಹೇಬ್ರ, ಊರಾಗ ಚಳಿಗಾಲಕ್ಕೂ ಹಿಂಗ ನಡುಗಿಲ್ರಿ” ಎಂದ. ಅವನ ಮುಖದಲ್ಲಿ ಇದ್ದದ್ದು ದೂರಲ್ಲ, ಹೆಮ್ಮೆ.

ಛತ್ರ ಸೇರಿದ ಮೇಲೆ ಅಕ್ಕ ಬಾಳೆಲೆ ಬಿಡಿಸಿದಳು. ಮೊಗ್ಗುಗಳು ಆಗಷ್ಟೇ ಕೊಯ್ದಂತೆ ಬೆಳ್ಳಗಿದ್ದವು. ಈ ಸಲದ ಬೀಗರ ಹೆಂಗಸರೂ ಮೂಸಿದರು. “ಎಲ್ಲಿ ಸಿಕ್ಕಿತು ಮಾರಾಯ್ತಿ?” ಎಂದು ಒಬ್ಬರು ಕೇಳಿಯೇ ಬಿಟ್ಟರು. ಅಕ್ಕ ನನ್ನತ್ತ ಬೆರಳು ತೋರಿಸಿದಳು. ನಾನು ಇಡೀ ಛತ್ರದಲ್ಲಿ ಎರಡು ಸುತ್ತು ವಿನಾಕಾರಣ ನಡೆದೆ.

ಊಟದ ಪಂಕ್ತಿಯಲ್ಲಿ ಆ ನಡಿಗೆ ನಿಂತಿತು. ಶರಣಪ್ಪ ಅಮ್ಮನ ಪಕ್ಕದಲ್ಲೇ ಕೂತಿದ್ದ. “ಮಷೀನಿಗೆ ಎಣ್ಣಿ ಹಾಕಿದವರು ನೀವ ಏನ್ರಿ ಅವ್ವಾರ?”

ಅಮ್ಮ ಎಲೆಯಿಂದ ತಲೆ ಎತ್ತಿ ನನ್ನನ್ನು ನೋಡಿದಳು. ನಾನು ಪಾಯಸ ನೋಡಿದೆ.

“ಹೌದು ಮಾರಾಯ, ನಾನೇ” ಎಂದಳು. “ಇವನ ತಲೆಗೆ ಹಾಕಿ ಪ್ರಯೋಜನ ಇಲ್ಲ ಅಂತ ಗೊತ್ತಾಯ್ತು. ಕಾರಿಗಾದರೂ ತಾಗಲಿ ಅಂತ.”

ಇಲ್ಲಿಗೆ ನಿಲ್ಲಿಸಿದ್ದರೆ ಇದು ತಾಯಿಯ ಕಥೆಯಾಗಿ ಚೆನ್ನಾಗಿರುತ್ತಿತ್ತು. ಆದರೆ ಅಮ್ಮ ಆ ಕಥೆಯನ್ನು ನಿಲ್ಲಿಸಲಿಲ್ಲ. ಮದುವೆ, ಉಪನಯನ, ಗೃಹಪ್ರವೇಶಗಳಲ್ಲಿ ಹೇಳುತ್ತ ಹೋದಳು. ತಾನು ಯಾವ ಸೀರೆ ಉಟ್ಟಿದ್ದಳು, ತಿರುಪು ಯಾವ ಕಡೆಗೆ ತಿರುಗಿತು, ಎಣ್ಣೆ ಹೇಗೆ ಗುಳುಗುಳು ಇಳಿಯಿತು ಎಲ್ಲವೂ ಬಂತು. ಜನ ಬಿದ್ದು ಬಿದ್ದು ನಗುತ್ತಾರೆ. ಹೂವು ತಂದವನು ಯಾರೆಂದು ಈಗ ಯಾರೂ ಕೇಳುವುದಿಲ್ಲ. ಕಳೆದ ವಾರ ನಾನು ತಡೆಯಲಾರದೆ, “ಎಣ್ಣೆ ಹಾಕಿದ್ದು ನಾನು” ಎಂದು ಎಲ್ಲರೆದುರು ಒಪ್ಪಿಕೊಂಡೆ.

ಅಮ್ಮ ಕರುಣೆಯಿಂದ ನೋಡಿದಳು. “ಇವನಿಗೆ ಚಿಕ್ಕಂದಿನಿಂದಲೂ ಹೀಗೆಯೇ. ಯಾರು ಏನು ಮಾಡಿದರೂ ತಾನೇ ಮಾಡಿದ್ದು ಎನ್ನಬೇಕು.”